ಬಾಣಂತಿಯ ಎದೆಗೆ ಮಲ್ಲಿಗೆ

ಹಡೆದ ಮೂರನೆಯ ದಿನ ಕಸ್ತೂರಿಬಾಯಿಯ ಎದೆ ಬಿಗಿದು ಕಲ್ಲಾಯಿತು. ಕುಪ್ಪಸ ತಾಕಿದರೂ ಜೀವ ಹೋಗುವಂಥ ನೋವು. ಗಂಡ ಅಣವೀರಪ್ಪ ಕಲಬುರಗಿಯಲ್ಲಿ ನಿಜಾಮ ಸರಕಾರದ ಕಚೇರಿಯ ಕಾರಕೂನ. ಅವಳು ಚೊಚ್ಚಲ ಬಾಣಂತನಕ್ಕೆ ಕಮಲಾಪುರದ ತವರಿಗೆ ಬಂದವಳು. ಹುಟ್ಟಿದ್ದು ಹೆಣ್ಣು. ಕೂಸು ಅತ್ತರೆ ಸಾಕು, ಹಾಲು ಸೋರಿ ಸೀರೆ ತೊಯ್ಯುತ್ತಿತ್ತು. ನೋವಿನಲ್ಲೂ ಅವಳಿಗೆ ನಗು.

"ಬಾವು ಇಳೀತದ, ತಂಪು ಮಾಡ್ತದ," ಎಂದು ತಾಯಿ ಶಿವಕಾಂತಮ್ಮ ಎದೆಗೆ ಮಲ್ಲಿಗೆ ದಂಡೆ ಸುತ್ತಿ ಬಟ್ಟೆ ಬಿಗಿದಳು. ಮೊಗ್ಗು ಎರಡು ದಿನಕ್ಕೊಮ್ಮೆ ಅತ್ತೆಯ ಕಡೆಯಿಂದ ಟಾಂಗಾದಲ್ಲಿ ಬರುತ್ತಿತ್ತು. "ಎಂಥಾ ಅತ್ತಿ ಸಿಕ್ಕಾಳ ನಿನಗ!" ಎಂದಳು ತಾಯಿ. ಕಸ್ತೂರಿ ನಂಬಿದಳು. ಕೂತು ತಾನೇ ದಂಡೆ ಕಟ್ಟಿಕೊಟ್ಟಳು. ಬಾವು ಇಳಿಯಿತು. ಹಾಲೂ ಇಳಿಯಿತು. ಒಂಬತ್ತನೆಯ ದಿನ ಕೂಸು ಚೀಪಿ ಚೀಪಿ ಚೀರಿದಾಗ, ಅವ್ವ ಅದನ್ನೆತ್ತಿಕೊಂಡು ಅರಳೆ ಬತ್ತಿಯಿಂದ ಆಡಿನ ಹಾಲು ಹಿಂಡತೊಡಗಿದಳು.

ಅಂದೇ ಸೂಲಗಿತ್ತಿ ತುಳಜಾಬಾಯಿ ತನ್ನ ಪಾಲಿನ ಜೋಳಕ್ಕೆ ಬಂದಳು. ಕೂಸನ್ನು ಹೊರತೆಗೆಯಲು ಒಳಗೆ ಬೇಕಾಗಿದ್ದವಳಿಗೆ ಇಂದು ಅಂಗಳವೇ ಗತಿ. ಅಲ್ಲಿಂದಲೇ ಕೇಳಿದಳು:

"ಯವ್ವಾ, ಮಲ್ಲಿಗಿ ವಾಸನಿ ಬರಾಕತ್ತದಲ್ರೀ... ಕೂಸು ಹೋತೇನ್ರೀ?"

"ಬಿಡ್ತು ಅನ್ನು! ಎದಿ ಬಾವಿಗಂತ ಅವ್ವ ಕಟ್ಯಾಳ. ಹಂಗ್ಯಾಕ ಅಂತಿ?" ಎಂದಳು ಕಸ್ತೂರಿ.

"ಮತ್ತ ಎದಿಗಿ ಹೂ ಯಾಕ್ರೀ? ಕೂಸು ಸತ್ತಾಕಿಗಿ ಕಟ್ತೀವ್ರೀ ಅದನ್ನ, ಹಾಲು ಇಂಗಸಾಕ."

ಕಸ್ತೂರಿ ತಾಯಿಯತ್ತ ನೋಡಿದಳು. ತಾಯಿ ಮುಖ ಗೋಡೆಗೆ ತಿರುಗಿಸಿದಳು.

"ಕೂಸಿಗಿ ಕುಡಸ್ಕೋತ ಕುಂತ್ರ ಲಗೂನ ಬಸರು ನಿಲ್ಲಂಗಿಲ್ಲಂತ. ವರ್ಷದಾಗ ಗಂಡು ಬೇಕಂತ ನಿಮ್ಮತ್ತಿ ಹೇಳಿ ಕಳಿಸ್ಯಾಳ. ಇಲ್ಲಂದ್ರ ಅಳಿಯಾಗ ಇನ್ನೊಂದು ಲಗ್ನ ಮಾಡ್ತಾರಂತ. ನಿನ್ನ ಸಂಸಾರ ಉಳೀಲಂತ ಮಾಡೀನವ್ವಾ."

"ಅವರು ಮಂದಿ. ನೀ ನನ್ನ ಹಡದಾಕಿ! ನನ್ನ ಕೈಲೇ ದಂಡಿ ಕಟ್ಟಿಸ್ಕೊಂಡ್ಯಲ್ಲಾ!"

ಕಸ್ತೂರಿ ಬಟ್ಟೆ ಬಿಚ್ಚಿ ಬಿಸುಟಳು. "ತುಳಜಕ್ಕಾ, ಹೋದ ಹಾಲು ತಿರುಗಿ ಬರ್ತದೇನು?"

"ಕೂಸಿನ ಬಾಯಿ ಬಿಡಸಬ್ಯಾಡ್ರೀ. ಹಗಲು ರಾತ್ರಿ ಚೀಪಲಿ. ಬಂದ್ರ ಬಂದೀತು."

ಅವಳು ತಾಯಿಯ ಮಡಿಲಿಂದ ಕೂಸನ್ನು ಕಸಿದುಕೊಂಡಳು. ಒಣಗಿದ ತೊಟ್ಟನ್ನೇ ಅದು ಗಪ್ಪನೆ ಹಿಡಿಯಿತು. ಹಾಲಿಲ್ಲ. ಆದರೂ ಬಿಡಲಿಲ್ಲ.

"ನಾಳಿ ಟಾಂಗಾ ಬರ್ತದ. ನಿಮ್ಮತ್ತಿಗಿ ಏನಂತ ಹೇಳಿ ಕಳಸಲಿ?" ಎಂದಳು ಅವ್ವ.

"ಸೊಸಿ ಮಗಳಿಗಿ ಮೊಲಿ ಕೊಡಾಕತ್ತಾಳ, ಲಗ್ನಾ ಮಾಡ್ಕೋರಿ ಅಂತ ಹೇಳು."