ಜಗುಲಿಯಿಂದಲೇ ವಾಪಸ್ಸು ಕಳಿಸಿದ ಕಣ್ಣಿನ ಡಾಕ್ಟರು

ರಾಮನಾಥಪುರದ ಹತ್ತಿರ ಒಂದು ಊರು. ಅಲ್ಲಿ ರಂಗಸ್ವಾಮಿಯವರದು ಹೊಗೆಸೊಪ್ಪು ಬೆಳೆಯುವ ಮನೆ. ಮನೆಯಲ್ಲಿ ತಾಯಿ ಲಕ್ಕಮ್ಮ, ಹೆಂಡತಿ ಪ್ರೇಕ್ಷಾ. ದೊಡ್ಡ ಮಗಳು ಧನ್ಯಾಳಿಗೆ ಆಗ ನಾಲ್ಕು ವರ್ಷ. ಅವಳ ಎಡಗಣ್ಣು ಮೂಗಿನ ಕಡೆಗೆ ಸರಿಯುತ್ತಿತ್ತು. ಟಿವಿ ನೋಡುವಾಗ ತಲೆ ಓರೆ ಮಾಡುತ್ತಿದ್ದಳು. ಹೊಸಿಲು ಎಡವುತ್ತಿದ್ದಳು.

"ಅತ್ತೆ, ಮಗೀನ ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಂಡ್ ಬರ್ಲಾ?" ಎಂದು ಪ್ರೇಕ್ಷಾ ಕೇಳಿದಳು.

"ಮೆಳ್ಳೆಗಣ್ಣು ಅದೃಷ್ಟ ಕಣವ್ವ," ಎಂದರು ಲಕ್ಕಮ್ಮ. "ನಮ್ಮತ್ತೆಗೂ ಅಂಗೇ ಇತ್ತು. ಅವ್ರು ಬಂದ್ಮೇಲೇ ಈ ಮನೆ ಮೇಲಕ್ಕೆ ಬಂದಿದ್ದು. ಬೆಳೀತಾ ಬೆಳೀತಾ ಸರಿ ಓಯ್ತದೆ, ಸುಮ್ಕಿರು."

ಅದೇ ವರ್ಷ ಊರಿನ ಅಂಗನವಾಡಿಗೆ ಕಣ್ಣಿನ ಡಾಕ್ಟರು ಪೃಥ್ವಿರಾಜ್ ಬಂದರು. ಅರಕಲಗೂಡಿನಲ್ಲಿ ಅವರದೊಂದು ಚಿಕ್ಕ ಆಸ್ಪತ್ರೆ. ಆದರೆ ಅವರು ಆಸ್ಪತ್ರೆಯಲ್ಲಿ ಕೂತಿದ್ದಕ್ಕಿಂತ ಶಾಲೆಗಳಲ್ಲಿ ಕೂತಿದ್ದೇ ಹೆಚ್ಚು. ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳಿಗೂ ಹೋಗುತ್ತಿದ್ದರು. ಹೋದ ಕಡೆ ಕುರ್ಚಿ ಬೇಡ ಎನ್ನುತ್ತಿದ್ದರು. ಚಾಪೆಯ ಮೇಲೆ ಮಕ್ಕಳ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತರೆ, ಅಳುವ ಮಗುವೂ ಅವರ ಟಾರ್ಚು ಕಿತ್ತುಕೊಳ್ಳಲು ಹತ್ತಿರ ಬರುತ್ತಿತ್ತು.

"ದೊಡ್ಡೋರ್ಗೆ ಕಣ್ಣು ಮಂಜಾದ್ರೆ ಬಾಯಿಬಿಟ್ಟು ಹೇಳ್ತಾರೆ. ಮಗು ಹೇಳಲ್ಲ," ಎಂದು ಅವರು ತಾಯಂದಿರಿಗೆ ಹೇಳುತ್ತಿದ್ದರು. "ಹುಟ್ಟಿದಾಗಿಂದ ಅಂಗೇ ಕಂಡಿರ್ತದೆ. ಲೋಕ ಇರೋದೇ ಇಂಗೆ ಅನ್ಕೊಂಡಿರ್ತದೆ. ನೀವೇ ನೋಡ್ಬೇಕು."

ಧನ್ಯಾಳ ಸರದಿ ಬಂತು. ಡಾಕ್ಟರು ಅವಳ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದರು. ಅವಳು ಸುಮ್ಮನೆ ನಗುತ್ತಾ ನಿಂತಳು. ಬಲಗಣ್ಣು ಮುಚ್ಚಿದರು. ತಕ್ಷಣ ಅವಳು ಅವರ ಕೈ ತಳ್ಳಿ ಅತ್ತಳು. ಮತ್ತೆ ಮುಚ್ಚಿದರೆ ಮತ್ತೆ ತಳ್ಳಿದಳು.

ಡಾಕ್ಟರು ಪ್ರೇಕ್ಷಾಳನ್ನು ಕರೆದರು. "ಇವ್ಳಿಗೆ ಎಡಗಣ್ಣು ಸರ್ಯಾಗಿ ಕಾಣ್ತಿಲ್ಲ ಕಣವ್ವ. ಮಿದುಳು ಒಳ್ಳೆ ಕಣ್ಣನ್ನೇ ನಂಬ್ಕೊಂಡು ಈ ಕಣ್ಣ ಕೈ ಬಿಡ್ತಾ ಅದೆ. ಕನ್ನಡಕ ಹಾಕ್ಬೇಕು. ದಿನಾ ಸ್ವಲ್ಪ ಹೊತ್ತು ಒಳ್ಳೆ ಕಣ್ಣ ಮುಚ್ಬೇಕು. ಆಗ ಈ ಸೋಮಾರಿ ಕಣ್ಣು ಕೆಲ್ಸ ಕಲೀತದೆ. ಇದೆಲ್ಲ ಮಗೀಗೆ ಏಳೆಂಟು ವರ್ಷ ತುಂಬೋದ್ರೊಳಗೇ ಆಗ್ಬೇಕು. ಆಮೇಲೆ ಬಲು ಕಷ್ಟ."

ಊರಿನ ಆಶಾ ಕಾರ್ಯಕರ್ತೆ ಶಾಂತಿ, ಪ್ರೇಕ್ಷಾಳನ್ನೂ ಮಗುವನ್ನೂ ಬಸ್ಸು ಹತ್ತಿಸಿ ಅರಕಲಗೂಡಿಗೆ ಕರೆದುಕೊಂಡು ಹೋದಳು. ಕಣ್ಣಿಗೆ ಔಷಧಿ ಹಾಕಿ ಪರೀಕ್ಷೆ ಆಯಿತು. ಕೆಂಪು ಫ್ರೇಮಿನ ಕನ್ನಡಕ ಬಂತು. ಬಲಗಣ್ಣಿಗೆ ಅಂಟಿಸುವ ಪಟ್ಟಿಯೂ ಬಂತು.

ಮನೆಗೆ ಬಂದ ಮಗುವನ್ನು ನೋಡಿ ಲಕ್ಕಮ್ಮ ಒಲೆ ಮುಂದಿನಿಂದ ಎದ್ದು ಬಂದರು.

"ಕೆಟ್ಟಿರೋ ಕಣ್ಣ ಬಿಟ್ಬುಟ್ಟು ಚೆಂದಾಗಿರೋ ಕಣ್ಣ ಮುಚ್ತಾರಾ? ಇದ್ಯಾವ ಓದು ಓದವ್ನೆ ಅವ್ನು? ಎಣ್ಮಗೀಗೆ ಈಗ್ಲೇ ಸೋಡಾಬುಡ್ಡಿ ಆಕ್ಬುಟ್ರೆ ನಾಳೆ ಯಾರು ಮದ್ವೆ ಆಯ್ತಾರೆ?"

ಶಾಂತಿ ಬಾಗಿಲಲ್ಲೇ ನಿಂತು ಹೇಳಿದಳು. "ಲಕ್ಕಮ್ಮಾರೇ, ಒಳ್ಳೆ ಕಣ್ಣು ತೆರ್ದಿದ್ರೆ ಕೆಟ್ಟ ಕಣ್ಣು ಕೆಲ್ಸಾನೇ ಮಾಡಾಕಿಲ್ಲ. ಅದಕ್ಕೇ ಮುಚ್ಚೋದು. ಈಗ ಕನ್ನಡಕ ಹಾಕುದ್ರೆ ಮುಂದೆ ಕಣ್ಣು ಉಳೀತದೆ."

ಆಗ ಲಕ್ಕಮ್ಮನ ಬಾಯಿಂದ ನಿಜವಾದ ಮಾತು ಬಂತು. "ನಮ್ ಬ್ಯಾರನ್‌ಗೆ ಸೌದೆ ಆಕ್ತಿದ್ದ ದೇವಯ್ಯನ ಮಗ ಅವ್ನು. ಅವ್ನ್ ಮಾತ ಕೇಳ್ಕಂಡು ನಾವು ಮಗೀಗೆ ಕಣ್ಣು ಕಟ್ಬೇಕಾ?"

ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಕಟ್ಟಡ. ಡಾಕ್ಟರ ತಂದೆ ದೇವಯ್ಯ ಅಲ್ಲಿ ಬೆಂಕಿಯ ಮುಂದೆ ಕೂತು ಮಗನನ್ನು ಓದಿಸಿದ್ದರು. ಆ ಮಗ ಕಣ್ಣಿನ ಡಾಕ್ಟರಾಗಿ ತಮ್ಮ ಊರಿನ ಕಡೆಗೇ ವಾಪಸ್ಸು ಬಂದಿದ್ದರು. ಶಾಂತಿಯೂ ದೇವಯ್ಯನ ಕೇರಿಯವಳೇ. ಅವಳು ಹೊರಟುಹೋದಳು. ರಂಗಸ್ವಾಮಿ ಅಲ್ಲೇ ಇದ್ದರು. ತಾಯಿಯನ್ನು ತಡೆಯದೆ ಹೊಲದ ಕಡೆ ಹೊರಟರು.

ಪಟ್ಟಿ ಕಟ್ಟಿದಾಗ ಧನ್ಯಾ ಅಳುತ್ತಿದ್ದಳು. ಅತ್ತಾಗಲೆಲ್ಲ ಲಕ್ಕಮ್ಮ ಪಟ್ಟಿ ಕಿತ್ತು ಹಾಕುತ್ತಿದ್ದರು. ಒಂದು ವಾರದಲ್ಲಿ ಕನ್ನಡಕ ಅಟ್ಟ ಸೇರಿತು.

ತಪಾಸಣೆಗೆ ಮಗು ಬರಲಿಲ್ಲ ಎಂದು ಡಾಕ್ಟರೇ ಮನೆಗೆ ಬಂದರು. ಅವರನ್ನು ಜಗುಲಿಯ ಮೇಲೆ ಕೂರಿಸಿದರು. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ಆ ಮನೆಯಲ್ಲಿ ನೆಂಟರಿಗೆ ಕಾಫಿ ಕೊಡುವುದು ಸ್ಟೀಲ್ ಲೋಟದಲ್ಲಿ. ಅವರಿಗೆ ಬಂದದ್ದು ಪೇಪರ್ ಲೋಟ. ಡಾಕ್ಟರು ಅದನ್ನು ನೋಡಿದರು. ಕುಡಿದು ಪಕ್ಕಕ್ಕಿಟ್ಟರು.

"ಲಕ್ಕಮ್ಮಾರೇ, ನನ್ನ ಒಳಗೆ ಸೇರಿಸ್ಬೇಡಿ, ಬೇಜಾರಿಲ್ಲ," ಎಂದರು. "ಮಗೀನ ಕನ್ನಡಕ ಮಾತ್ರ ಆಚೆ ತನ್ನಿ."

"ನಮ್ ಮಗೀನ ವಿಚಾರ ನಮ್ಗೊತ್ತು," ಎಂದರು ಲಕ್ಕಮ್ಮ.

"ನನ್ ಮೇಲಿನ ಸಿಟ್ಟ ಮಗೀನ ಕಣ್ಣಿನ ಮೇಲೆ ತೀರಿಸ್ಕೋಬೇಡಿ. ನನ್ ಹತ್ರ ಬೇಡ ಅಂದ್ರೆ ಬೇಡ. ಹಾಸನದಲ್ಲಿ ಬೇರೆ ಡಾಕ್ಟ್ರವ್ರೆ, ಅಲ್ಲಿಗೆ ಕರ್ಕೊಂಡ್ ಹೋಗಿ. ಹೊತ್ತು ಮಾತ್ರ ಕಳೀಬೇಡಿ."

"ಆಯ್ತು ಸಾ, ಹಾಸನಕ್ಕೇ ತೋರಿಸ್ತೀವಿ," ಎಂದರು ರಂಗಸ್ವಾಮಿ. ಡಾಕ್ಟರನ್ನು ಎಬ್ಬಿಸಿ ಕಳಿಸಲು ಆಡಿದ ಮಾತು ಅದು. ಸೊಪ್ಪಿನ ಕೆಲಸ ಬಂತು, ಹರಾಜು ಬಂತು. ಹಾಸನಕ್ಕೆ ಯಾರೂ ಹೋಗಲಿಲ್ಲ. ಡಾಕ್ಟರು ಮತ್ತೂ ಬಂದರು. ಆಮೇಲಾಮೇಲೆ ಅವರ ಗಾಡಿ ಕಂಡರೆ ಲಕ್ಕಮ್ಮ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಧನ್ಯಾಳಿಗೆ ಒಂಬತ್ತು ತುಂಬುವ ಹೊತ್ತಿಗೆ, ಹಳ್ಳಿಮೈಸೂರಿನ ಕಡೆಯ ಒಂದು ಶಾಲೆಯಲ್ಲಿ ಮಕ್ಕಳ ಕಣ್ಣು ನೋಡುತ್ತಿದ್ದ ಡಾಕ್ಟರಿಗೆ ಎದೆ ನೋವು ಬಂತು. ಇನ್ನು ನಾಲ್ಕು ಮಕ್ಕಳಿದ್ದಾರೆ, ಮುಗಿಸಿ ಹೋಗೋಣ ಎಂದರಂತೆ. ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗಿತ್ತು.

ಊರು ಅವರಿಗೆ ದೊಡ್ಡ ಶ್ರದ್ಧಾಂಜಲಿ ಸಭೆ ಮಾಡಿತು. ಶಾಲೆಯ ಮುಂದೆ ಫ್ಲೆಕ್ಸು ಕಟ್ಟಿದರು. ಮೇಲೆ ಡಾಕ್ಟರ ಫೋಟೋ, ಕೆಳಗೆ ಸಾಲಾಗಿ ಊರಿನ ಮುಖಂಡರ ಫೋಟೋ. ಅದರಲ್ಲಿ ರಂಗಸ್ವಾಮಿಯವರದೂ ಇತ್ತು. ಮೈಕಿನ ಮುಂದೆ ಅವರೂ ನಿಂತು, "ನಮ್ ಊರಿನ ಹೆಮ್ಮೆಯ ಮಗ," ಎಂದರು. ಅವತ್ತು ಮೈಕು ಹಿಡಿದವರಲ್ಲಿ ಎಷ್ಟೋ ಜನ ತಮ್ಮ ಮಕ್ಕಳ ಕನ್ನಡಕ ತೆಗೆದಿಟ್ಟವರೇ. ಶಾಂತಿಗೆ ಅವರೆಲ್ಲರ ಮನೆ ಗೊತ್ತಿತ್ತು. ಅವಳು ಹಿಂದೆ ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡಳು.

ಸಭೆ ಮುಗಿದ ಮೇಲೆ ಡಾಕ್ಟರ ತಾಯಿ ಮಾಯಮ್ಮ ರಂಗಸ್ವಾಮಿಯ ಹತ್ತಿರ ಬಂದರು. "ಅಪ್ಪ, ನಿನ್ ಮಗೀನ ಕಣ್ಣು ಎಂಗದೆ? ಅವ್ನು ಆವಾಗಾವಾಗ ಹೇಳ್ತಿದ್ದ."

"ಚೆಂದಾಗದೆ ಕಣವ್ವ," ಎಂದರು ರಂಗಸ್ವಾಮಿ.

"ಅಷ್ಟಾದ್ರೆ ಸಾಕು," ಎಂದು ಆ ತಾಯಿ ಹೋದರು.

ಮಾರನೇ ವರ್ಷದ ಸೊಪ್ಪಿನ ಕಾಲದಲ್ಲಿ ಧನ್ಯಾ ಬ್ಯಾರನ್ ಹತ್ತಿರ ಆಡುತ್ತಿದ್ದಳು. ಸೊಪ್ಪು ಕಟ್ಟುವ ಕಡ್ಡಿಗಳನ್ನು ಒಬ್ಬರು ಹೊತ್ತು ತರುತ್ತಿದ್ದರು. ಎಡಗಡೆಯಿಂದ ಬಂದದ್ದು ಅವಳಿಗೆ ಕಾಣಲಿಲ್ಲ. ಸದ್ದು ಕೇಳಿ ತಿರುಗಿದಳು. ಕಡ್ಡಿಯ ತುದಿ ಬಲಗಣ್ಣಿಗೆ ಗೀರಿತು.

ಪ್ರೇಕ್ಷಾ ಆಸ್ಪತ್ರೆಗೆ ಹೋಗೋಣ ಎಂದಳು. ಲಕ್ಕಮ್ಮ ಕಣ್ಣಿಗೆ ನಂದಿಬಟ್ಟಲು ಹೂವಿನ ರಸ ಹಿಂಡಿದರು. ಬೆಳಗಾಗುವುದರಲ್ಲಿ ಕಣ್ಣು ಕೆಂಡದಂತಾಗಿತ್ತು. ಆಮೇಲೆ ಕೀವಾಯಿತು. ಆಗ ಕಾರು ಮಾಡಿಕೊಂಡು ಹಾಸನಕ್ಕೆ ಓಡಿದರು.

ಹಾಸನದ ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರ್ ಶೋಭಿತಾ ಮಗುವನ್ನು ಸೇರಿಸಿಕೊಂಡರು. ಬಲಗಣ್ಣಿಗೆ ಔಷಧಿ ಹಾಕಿದರು. ಕಣ್ಣು ಊದಿ ರೆಪ್ಪೆ ತೆರೆಯಲು ಆಗುತ್ತಿರಲಿಲ್ಲ. ಧನ್ಯಾ ಮಂಚದ ಮೇಲೆ ಕೂತು, ಪಕ್ಕದಲ್ಲಿದ್ದ ನೀರಿನ ಲೋಟಕ್ಕೆ ಕೈ ಚಾಚಿದಳು. ಕೈ ಬೇರೆಲ್ಲೋ ಹೋಯಿತು. ಲೋಟ ಉರುಳಿತು.

"ಅಜ್ಜಿ ಎಲ್ಲಿ?" ಎಂದು ಕೇಳಿದಳು.

"ಇಲ್ಲೇ ಇವ್ನಿ ಕಣವ್ವ, ನಿನ್ ಮುಂದೇನೇ," ಎಂದರು ಲಕ್ಕಮ್ಮ.

"ಏನೋ ಬೆಳ್ಳಗೆ ಕಾಣ್ತದೆ. ನೀನು ಅಂತ ಗೊತ್ತಾಗಾಕಿಲ್ಲ."

ಲಕ್ಕಮ್ಮ ಇನ್ನೂ ಹತ್ತಿರ ಹೋಗಿ ಮುಖ ತೋರಿಸಿದರು. ಧನ್ಯಾ ಕೈಯಿಂದ ಮುಟ್ಟಿ ನೋಡಿದಳು. ಎಡಗಣ್ಣಿಗೆ ಎಷ್ಟು ಕಾಣುತ್ತಿತ್ತು ಎಂಬುದು ಆ ಮನೆಯವರಿಗೆ ಅವತ್ತು ಗೊತ್ತಾಯಿತು.

"ಈ ಎಡಗಣ್ಣನ್ನ ಚಿಕ್ಕ ವಯಸ್ಸಲ್ಲಿ ಯಾರಿಗೂ ತೋರಿಸ್ಲಿಲ್ವಾ?" ಎಂದು ಡಾಕ್ಟರ್ ಶೋಭಿತಾ ಕೇಳಿದರು.

ರಂಗಸ್ವಾಮಿ ತಾಯಿಯ ಕಡೆ ತಿರುಗಿದರು. ಪ್ರೇಕ್ಷಾ ಹೇಳಿದಳು. "ತೋರ್ಸಿದ್ವಿ ಮೇಡಂ. ಡಾಕ್ಟ್ರು ಮನೆ ಬಾಗ್ಲಿಗೇ ಬಂದಿದ್ರು. ಇವ್ರು ಕೇಳ್ಲಿಲ್ಲ. ನಾನೂ ಗಟ್ಟಿಯಾಗಿ ನಿಲ್ಲಲಿಲ್ಲ."

"ಈಗ್ಲೂ ಕನ್ನಡಕ ಹಾಕಿ ಪ್ರಯತ್ನ ಮಾಡೋಣ. ಸ್ವಲ್ಪ ಸುಧಾರಿಸಬಹುದು. ಆದರೆ ಪೂರ್ತಿ ಬರುತ್ತೆ ಅಂತ ನಾನು ಆಸೆ ಕೊಡಲ್ಲ. ಕಲಿಯೋ ವಯಸ್ಸಲ್ಲಿ ಈ ಕಣ್ಣಿಗೆ ಯಾರೂ ಕಲಿಸಿಲ್ಲ."

ಬಲಗಣ್ಣಿನ ಹುಣ್ಣು ಮಾಯಿತು. ಆದರೆ ಕಪ್ಪು ಗುಡ್ಡೆಯ ಮೇಲೆ ಬಿಳಿ ಕಲೆ ಉಳಿಯಿತು. ಖೋಖೋದಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಹುಡುಗಿ ಈಗ ಆಟಕ್ಕೆ ಇಳಿಯುವುದಿಲ್ಲ. ಮುಂದಿನ ಬೆಂಚಿನಲ್ಲಿ ಕೂತರೂ ಬೋರ್ಡು ಕಾಣದೆ ಪಕ್ಕದವಳಿಂದ ಕೇಳಿ ಬರೆದುಕೊಳ್ಳುತ್ತಾಳೆ.

ಅವಳಿಗೊಬ್ಬಳು ತಂಗಿ, ನಿಧಿ. ಅವಳಿಗೆ ಮೂರು ವರ್ಷ. ಒಂದು ದಿನ ಅಂಗನವಾಡಿಯಿಂದ ಶಾಂತಿ ಮನೆಗೆ ಬಂದಳು. ಜಗುಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು ಹೇಳಿದಳು.

"ಚಿಕ್ಕೋಳೂ ತಲೆ ಓರೆ ಮಾಡ್ಕೊಂಡು ನೋಡ್ತಾಳೆ. ಒಂದು ಕಣ್ಣು ಮುಚ್ಚುದ್ರೆ ಸುಮ್ಕಿರ್ತಾಳೆ, ಇನ್ನೊಂದು ಮುಚ್ಚುದ್ರೆ ಅಳ್ತಾಳೆ. ಹೇಳೋದು ನನ್ ಕೆಲ್ಸ, ಹೇಳಿವ್ನಿ."

ಲಕ್ಕಮ್ಮ ಜಗುಲಿಗೆ ಬಂದರು. "ಅಕ್ಕನಿಗೆ ಇದ್ದಿದ್ದು ತಂಗಿಗೂ ಬತ್ತದಾ?"

"ಮನೇಲಿ ಒಬ್ರಿಗಿದ್ರೆ ಇನ್ನೊಬ್ರಿಗೆ ಬರೋದು ಉಂಟು. ಡಾಕ್ಟ್ರು ಆವತ್ತೇ ಹೇಳಿದ್ರು, ಮುಂದೆ ಹುಟ್ಟೋ ಮಕ್ಳನ್ನೂ ತೋರ್ಸಿ ಅಂತ. ನೀವು ಬಾಗ್ಲು ಹಾಕ್ಕೊಂಡಿದ್ರಿ."

"ಕಣ್ಣು ಕಟ್ಟುದ್ರೆ ಮಗ ಅಳ್ತದಲ್ಲ ಶಾಂತಿ."

"ಅಳ್ತದೆ. ಸ್ವಲ್ಪ ದಿನ ಅಳ್ತದೆ, ಆಮೇಲೆ ಒಗ್ಗತದೆ. ಆವಾಗ ಅಳ್ಬಾರ್ದು ಅಂದ್ರಿ. ಈಗ ದೊಡ್ಡೋಳು ಅಳ್ದೆ ಇದ್ದಾಳಾ?"

 "ನಾಳೆ ಮೊದ್ಲನೇ ಬಸ್ಸಿಗೇ ಓಗಾನ," ಎಂದು ರಂಗಸ್ವಾಮಿ ಒಳಗಿನಿಂದ ಬಂದು ಹೇಳಿದರು. "ನೀನೂ ಜೊತೇಲಿ ಬಾರವ್ವ." ಶಾಂತಿ ಜೊತೆಗೆ ಹೋದಳು. ಮಗುವಿಗೋಸ್ಕರ ಹೋದಳು.

ಅರಕಲಗೂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಆಯಿತು. ಅಲ್ಲಿಂದ ಹಾಸನಕ್ಕೆ ಬರೆದುಕೊಟ್ಟರು. ನಿಧಿಗೆ ಕನ್ನಡಕ ಬಂತು, ಪಟ್ಟಿ ಬಂತು. ಸರಿಯಾದ ಹೊತ್ತಿಗೆ ಬಂದಿದ್ದೀರಿ, ತಪ್ಪಿಸದೆ ಕಟ್ಟಿದರೆ ಕಣ್ಣು ಉಳಿಯುತ್ತದೆ ಎಂದು ಡಾಕ್ಟರ್ ಶೋಭಿತಾ ಹೇಳಿದರು. ಪಟ್ಟಿ ಕಟ್ಟುವ ಕೆಲಸ ಈಗ ಲಕ್ಕಮ್ಮನದೇ. ಪಟ್ಟಿ ಕಟ್ಟಿ, ಮುಂದೆ ಮೊರ ಇಟ್ಟು, ನಿಧಿಯ ಕೈಯಲ್ಲಿ ಅವರೆಕಾಳು ಆರಿಸಿಸುತ್ತಾರೆ. ಹಾಗೆ ಸಣ್ಣದನ್ನು ನೋಡುತ್ತಾ ನೋಡುತ್ತಾ ಸೋಮಾರಿ ಕಣ್ಣು ಚುರುಕಾಗಬೇಕು.

ಒಂದು ಮಧ್ಯಾಹ್ನ ಧನ್ಯಾ ಬಂದು ಪಕ್ಕದಲ್ಲಿ ಕೂತಳು. ತಂಗಿ ಕಾಳು ಆರಿಸುವುದನ್ನು ಬಹಳ ಹತ್ತಿರಕ್ಕೆ ಬಗ್ಗಿ ನೋಡಿದಳು.

"ಅಜ್ಜಿ, ನಂಗೂ ಇಂಗೇ ಕಟ್ಟಿದ್ರೆ ಕಾಣ್ತಿತ್ತಾ?"

"ಕಾಣ್ತಿತ್ತು ಕಣವ್ವ."

"ಮತ್ಯಾಕೆ ಕಟ್ಲಿಲ್ಲ?"

ಲಕ್ಕಮ್ಮ ಮೊರದ ಮೇಲೆ ಕೈಯಿಟ್ಟುಕೊಂಡು ಕೂತರು. ಮದುವೆ ಆಗಲ್ಲ ಅಂತ ಕಟ್ಟಲಿಲ್ಲ ಎನ್ನಬೇಕಿತ್ತು. ಹೇಳಿದವನು ದೇವಯ್ಯನ ಮಗ ಅಂತ ಕಟ್ಟಲಿಲ್ಲ ಎನ್ನಬೇಕಿತ್ತು. ಎರಡನ್ನೂ ಆ ಮಗುವಿನ ಮುಖ ನೋಡಿ ಹೇಳಲು ಅವರಿಗೆ ಬಾಯಿ ಬರಲಿಲ್ಲ.  ಧನ್ಯಾ ಗೋಡೆ ಸವರಿಕೊಂಡು ಒಳಗೆ ಹೋದಳು.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಪೃಥ್ವಿರಾಜ್ ಡಾಕ್ಟರು ಇನ್ನು ಯಾರ ಜಗುಲಿಗೂ ಬರುವುದಿಲ್ಲ. ಅವರು ಹೇಳುತ್ತಿದ್ದ ಕೆಲಸವನ್ನು ನೀವೇ ಮಾಡಬೇಕು. ನಿಮ್ಮ ಮನೆಯ ಚಿಕ್ಕ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಆಟ ಆಡಿಸುತ್ತಾ ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ. ಒಂದು ಕಣ್ಣು ಮುಚ್ಚಿದಾಗ ಮಾತ್ರ ಮಗು ಅತ್ತರೆ, ಕೈ ತಳ್ಳಿದರೆ, ಕಣ್ಣು ಓರೆಯಾಗುತ್ತಿದ್ದರೆ, ಟಿವಿಗೆ ಅಂಟಿ ಕೂರುತ್ತಿದ್ದರೆ ಕಾಯಬೇಡಿ. ಮಗು ಚೆನ್ನಾಗಿ ಇದ್ದಂತೆ ಕಂಡರೂ ಶಾಲೆಗೆ ಸೇರಿಸುವ ಮೊದಲು ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿ. ಮೆಳ್ಳೆಗಣ್ಣು ಅದೃಷ್ಟ ಅಲ್ಲ. ಪೆಟ್ಟಾದ ಕಣ್ಣಿಗೆ ರಸ, ಎಣ್ಣೆ, ಹಾಲು ಯಾವುದನ್ನೂ ಹಿಂಡಬೇಡಿ, ನೇರ ಆಸ್ಪತ್ರೆಗೆ ಹೋಗಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಅಂಗನವಾಡಿಯಲ್ಲಿ ಕೇಳಿ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. ಹೇಳುವವರು ಯಾವ ಮನೆಯವರು, ಯಾವ ಕೇರಿಯವರು ಎಂದು ಕೇಳಬೇಡಿ. ಮಗುವಿಗೆ ಏಳೆಂಟು ವರ್ಷ ದಾಟಿದ ಮೇಲೆ ನೀವು ಎಷ್ಟು ಅತ್ತರೂ, ಯಾರ ಕಾಲು ಹಿಡಿದರೂ ಕಳೆದ ನೋಟ ಪೂರ್ತಿ ವಾಪಸ್ಸು ಬರುವುದು ಕಷ್ಟ. ಇವತ್ತೇ ಮಗುವನ್ನು ಹತ್ತಿರ ಕರೆದು ನೋಡಿ.