ಎಂಟನೇ ಸಾಲಿನ ಗಂಡು ಹೂ

"ಬೆರಳು ತೋರಿಸ್ಬೇಡಿ ಅಮ್ಮಾ! ಬೆರಳು ಮಡಚ್ಕೊಳ್ಳಿ ಮೊದ್ಲು!"

ಅಡುಗೆಮನೆಯ ತಗಡಿನ ಮೇಲೆ ಮಂಡಿಯೂರಿ ಕೂತಿದ್ದ ಸಿಯಾನಾ ಕೂಗಿಕೊಂಡಳು. ಕೆಳಗೆ ನಿಂತಿದ್ದ ಅವಳ ಅತ್ತೆ ಇದಾಂಗ್ ಎತ್ತಿದ ಕೈಯನ್ನು ಸರಕ್ಕನೆ ಇಳಿಸಿ ತೋರುಬೆರಳನ್ನು ಒಮ್ಮೆ ಕಚ್ಚಿಕೊಂಡಳು. ಎಳೆಗಾಯಿಗೆ ಬೆರಳು ತೋರಿಸಿದರೆ ಅದು ಕೊಳೆತು ಉದುರುತ್ತದೆ. ಮರೆತು ತೋರಿಸಿದರೆ ಬೆರಳು ಕಚ್ಚಿಕೊಳ್ಳಬೇಕು. ತೋರಿಸಲೇಬೇಕಾದರೆ ದೇವರು ತುಟಿ ಕೊಟ್ಟಿದ್ದಾನಲ್ಲ? ಮುದುಕಿ ತುಟಿ ಚೂಪು ಮಾಡಿ ಸೂರಿನ ಅಂಚಿನತ್ತ ಚಾಚಿದಳು.

"ಅದೇನಾ?"

"ಅದೇ ಅಮ್ಮಾ! ಹೆಣ್ಣು! ಅರಳಿಬಿಟ್ಟಿದೆ!"

ಸಿಹಿಗುಂಬಳದ ಬಳ್ಳಿ ಚಪ್ಪರ ದಾಟಿ ತಗಡಿನ ಮೇಲೆಲ್ಲ ಹಬ್ಬಿತ್ತು. ಹಳದಿ ಹೂವೊಂದು ಬಾಯಿ ತೆರೆದಿತ್ತು, ಅದರ ಕತ್ತಿನ ಕೆಳಗೆ ಗೋಲಿಯಷ್ಟು ಹೀಚು. ಇದಕ್ಕೆ ಮೊದಲು ಬಂದ ಮೂರು ಹೆಣ್ಣು ಹೂಗಳು ಏಪ್ರಿಲ್ ಬಿಸಿಲಿಗೆ ಬಾಡಿ, ಹೀಚು ಹಳದಿಯಾಗಿ ಬಿದ್ದುಹೋಗಿದ್ದವು. ಇದು ನಾಲ್ಕನೆಯದು. ಬಳ್ಳಿಯ ತುದಿಯವರೆಗೆ ಹುಡುಕಿದರೂ ಐದನೆಯದರ ಸುಳಿವಿರಲಿಲ್ಲ.

ದುಂಬಿಯನ್ನು ನೆಚ್ಚಿಕೊಳ್ಳುವ ಹಾಗಿರಲಿಲ್ಲ. ಈ ಬಡಾವಣೆಗಾಗಿ ಗುಡ್ಡ ಬೋಳಿಸಿದವರು ದುಂಬಿಗಳಿಂದಲೂ ಮನೆ ಖಾಲಿ ಮಾಡಿಸಿದ್ದರು. ಗಂಡು ಹೂ ಕಿತ್ತು, ಅದರ ಪುಡಿಯನ್ನು ಹೆಣ್ಣಿಗೆ ಕೈಯಾರೆ ಸವರಬೇಕು. ಅದೂ ಬಿಸಿಲೇರುವ ಮುಂಚೆ. ಎಂಟು ಗಂಟೆಗೆಲ್ಲ ಹೂ ಮುಚ್ಚಿಕೊಳ್ಳುತ್ತದೆ.

ಸಿಯಾನಾ ಗಂಡು ಹೂವಿಗಾಗಿ ಸುತ್ತ ನೋಡಿದಳು. ಬರೀ ತೊಟ್ಟುಗಳು.

"ಅಮ್ಮಾ, ಗಂಡು ಹೂ ಎಲ್ಲಿ? ನಿನ್ನೆ ಸಂಜೆ ಹದಿಮೂರು ಮೊಗ್ಗು ಎಣಿಸಿದ್ದೆ!"

ಇದಾಂಗ್ ತುಟಿಯನ್ನು ಒಲೆಯ ಕಡೆ ತಿರುಗಿಸಿದಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ನುಗ್ಗೆಸೊಪ್ಪು, ಸುಟ್ಟ ಒಣಮೀನು, ಮೇಲೆ ತೇಲುವ ಹದಿಮೂರು ಹಳದಿ ಹೂ.

"ಎಲ್ಲಾನೂ ಹಾಕಿಬಿಟ್ರಾ?"

"ಗಂಡು ಕಾಯಿ ಬಿಡುತ್ತೇನೇ? ನಲವತ್ತು ವರ್ಷದಿಂದ ಗಂಡು ಹೂ ಬೇಯಿಸ್ತಿದೀನಿ. ನಿನ್ನ ಹೆಣ್ಣಿನ ಮೈ ಮುಟ್ಟಿಲ್ಲ ನಾನು. ಕಣ್ಣಿಗೆ ಕಾಣದಿದ್ರೂ ಕೈಗೆ ಗೊತ್ತಾಗುತ್ತೆ." ಮುದುಕಿ ಹೆಮ್ಮೆಯಿಂದಲೇ ಹೇಳಿದಳು. ಸೊಸೆಯ ಮುಖ ನೋಡಿದ ಮೇಲೆ ಅವಳ ದನಿ ಇಳಿಯಿತು. "ಊರಲ್ಲಿ ದುಂಬಿ ನೋಡ್ಕೋತಿತ್ತಲ್ಲೇ..."

ಬೈಯಲು ಸಮಯವಿರಲಿಲ್ಲ. ಸಿಯಾನಾ ಏಣಿಯ ಕೊನೆಯ ಮೂರು ಮೆಟ್ಟಿಲು ಬಿಟ್ಟು ಧುಮುಕಿದಳು.

ಪುರಸಭೆಯವರು ಫೆಬ್ರವರಿಯಲ್ಲೇ ಕರಪತ್ರ ಹಂಚಿದ್ದರು: ಬೇಸಿಗೆ ಕೈತೋಟದ ಸ್ಪರ್ಧೆ. ಬದನೆ, ಬೆಂಡೆ, ಹಾಗಲ, ಅಲಸಂದೆ, ಸಿಹಿಗುಂಬಳ ಐದೂ ಕಾಯಿ ಬಿಟ್ಟಿರಬೇಕು. ಗೆದ್ದ ತೋಟವಿರುವ ಸಾಲಿಗೆ ಒಂದು ಕೈಪಂಪು. ಹೌದು, ನೀರೇ ಬಹುಮಾನ. ಮನಿಲಾದ ಹೊಳೆದಂಡೆಯ ಗುಡಿಸಲುಗಳಿಂದ ಈ ಜನರನ್ನು ಲಾರಿಗಳಲ್ಲಿ ತುಂಬಿ ತಂದು ಇಲ್ಲಿ ಸುರಿದ ದಿನ ಕೈಗೆ ಕೊಟ್ಟ ಕಾಗದದಲ್ಲಿ 'ಮನೆಮನೆಗೆ ನಲ್ಲಿ' ಎಂದು ದಪ್ಪಕ್ಷರದಲ್ಲಿತ್ತು. ನಲ್ಲಿಯೂ ಬಂದಿತ್ತು. ತಿರುಗಿಸಿದರೆ ಗಾಳಿ ಬರುತ್ತಿತ್ತು. ಮೂರು ಬೇಸಿಗೆಗಳಿಂದ ಅವರು ವಾರಕ್ಕೆರಡು ಸಲ ಬರುವ ಟ್ಯಾಂಕರಿನ ಪೈಪಿಗೆ ಜೋತುಬಿದ್ದು, ಒಬ್ಬರ ಮೇಲೊಬ್ಬರು ಬಿದ್ದು ಬದುಕಿದ್ದರು. ಈಗ ಆ ಜಗಳಕ್ಕೊಂದು ಬಹುಮಾನವನ್ನೂ ಇಟ್ಟಿದ್ದರು.

ಆದರೂ ಕರಪತ್ರ ಓದಿದ ದಿನ ಸಿಯಾನಾಳಿಗೆ ಆಸೆ ಚಿಗುರಿತ್ತು, ಸುಳ್ಳೇಕೆ? ಮನೆ ಮುಂದಿನ ನಾಲ್ಕಡಿ ಜಾಗದ ಗಾರೆ ಚೂರು ಹೆಕ್ಕಿ, ಭತ್ತದ ಹೊಟ್ಟು, ಕೋಳಿಗೊಬ್ಬರ, ಮೀನು ತೊಳೆದ ನೀರು ಹಾಕಿ ಅವಳು ಮಣ್ಣನ್ನೇ ಹುಟ್ಟಿಸಿದ್ದಳು. ಅವಳಿದ್ದ ಒಂಬತ್ತನೇ ಸಾಲಿನ ನಲವತ್ತು ಮನೆಯವರೂ ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಅವಳ ಬಾಗಿಲಿಗೆ ತಂದುಕೊಡುತ್ತಿದ್ದರು. ಬೀಜ ಊರುವಾಗ ಹಲ್ಲು ಕಾಣುವಂತೆ ನಗುತ್ತಿರಬೇಕೆಂದು ಅತ್ತೆ ಹೇಳಿದ್ದಕ್ಕೆ ಬೆನ್ನು ನೋಯುತ್ತಿದ್ದರೂ ನಕ್ಕಿದ್ದಳು. ನಾಲ್ಕು ತರಕಾರಿ ಕಾಯಿ ಬಿಟ್ಟಾಗಿತ್ತು. ಉಳಿದದ್ದು ಕುಂಬಳ.

ಈಗ ಅವಳು ಎರಡು ಸಾಲುಗಳ ನಡುವಿನ ಮೋರಿ ಹಾರಿ ಎಂಟನೇ ಸಾಲಿಗೆ ನುಗ್ಗಿದಳು. ಗಂಡು ಹೂವಿದ್ದ ಮನೆ ಸುತ್ತಮುತ್ತ ಒಂದೇ, ಅದು ಎಲ್ಲರೂ ಗೌರವಕ್ಕೆ 'ಮಾಂಗ್' ಎನ್ನುತ್ತಿದ್ದ ತೆರ್ಯೋನದು. ಹೋದ ವರ್ಷ ಟ್ಯಾಂಕರಿನ ಜಗಳದಲ್ಲಿ ಸಿಯಾನಾ ತುಂಬಿದ ಬಕೆಟ್ಟನ್ನು ಅವನ ತಲೆಯ ಮೇಲೆ ಬೋರಲು ಹಾಕಿದ್ದಳು. ಅಂದಿನಿಂದ ಮಾತಿಲ್ಲ. ಹಿಂದೆ ಜನ ತುಂಬಿಕೊಂಡು ಬಾಡಿಗೆಯ ಜೀಪ್ನಿ ಓಡಿಸುತ್ತಿದ್ದ ಈ ಅರವತ್ತರ ಮುದುಕನೂ ಸ್ಪರ್ಧೆಗೆ ನಿಂತಿದ್ದ. ಅವನ ಬಳ್ಳಿ ಎರಡು ಮನೆ ಆಚೆಗೂ ಹಬ್ಬಿತ್ತು. ಎಪ್ಪತ್ತು ಹೂ, ಎಪ್ಪತ್ತೂ ಗಂಡು. ಒಂದೇ ಒಂದು ಹೆಣ್ಣು ಬಿಟ್ಟಿರಲಿಲ್ಲ. ಅವನ ಸಾಲಿನವರೇ ಆ ಚಪ್ಪರಕ್ಕೆ 'ಗಂಡಸರ ಹಾಸ್ಟೆಲು' ಎಂದು ಹೆಸರಿಟ್ಟಿದ್ದರು.

"ಮಾಂಗ್ ತೆರ್ಯೋ, ಒಂದು ಹೂ ಬೇಕಿತ್ತು," ಸಿಯಾನಾ ಏದುಸಿರಿನಲ್ಲಿ ಕೇಳಿದಳು.

ಬಾಗಿಲಲ್ಲಿ ಕಾಫಿ ಕುಡಿಯುತ್ತಿದ್ದ ಮುದುಕ ಲೋಟ ಇಳಿಸಲಿಲ್ಲ. "ಓಹೋ, ಬಕೆಟ್ಟಮ್ಮ! ಇಗರ್ಜಿಗೆ ಹೊರಟ್ರಾ?"

"ಕುಂಬಳಕ್ಕೆ. ಗಂಡು ಹೂ. ಬೇಗ, ಬಿಸಿಲೇರ್ತಿದೆ."

"ನಿಮ್ಮ ಬಳ್ಳಿಯ ಗಂಡಸರೆಲ್ಲ ಎಲ್ಲಿಗೆ ಹೋದ್ರು?"

"ಸಾರಿಗೆ."

ಮುದುಕನ ಮೂಗಿಗೆ ಕಾಫಿ ಏರಿತು. ಕೆಮ್ಮಿ ಸುಧಾರಿಸಿಕೊಂಡ ಮೇಲೆ ಅವನ ಮುಖ ಬಿಗಿಯಿತು. "ನನ್ನ ತಲೆ ಮೇಲೆ ಬಕೆಟ್ ಕವುಚಿದ್ದು ಯಾರು?"

"ನಾನೇ. ಬಕೆಟ್ ತುಂಬಾ ನೀರಿತ್ತಲ್ಲ? ಅದಾದ್ಮೇಲೆ ಈ ಸಾಲಲ್ಲಿ ಯಾರ ತಲೆಗಾದ್ರೂ ಅಷ್ಟು ನೀರು ಬಿದ್ದಿದ್ಯಾ?"

ಅಕ್ಕಪಕ್ಕದ ಬಾಗಿಲುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ತೆರ್ಯೋ ನಗಲಿಲ್ಲ.

"ಹೂ ಕೊಟ್ರೆ ಪಂಪು ನಿಮ್ಮ ಸಾಲಿಗೆ ಹೋಗುತ್ತೆ. ನನ್ನ ಸಾಲಿನವರು ನನ್ನ ಚರ್ಮ ಸುಲೀತಾರೆ."

"ಕೊಡದಿದ್ರೆ ಒಂದನೇ ಸಾಲಿಗೆ ಹೋಗುತ್ತೆ. ಬಡಾವಣೆ ಸಂಘದ ಅಧ್ಯಕ್ಷರ ತೋಟ ನೋಡಿದೀರಾ? ಅವರ ಮನೇಲಿ ಬೋರ್ ಇದೆ. ಕಾರು ತೊಳೆದ ನೀರಲ್ಲೇ ಬದನೆ ಬೆಳೆದಿದಾರೆ. ಅವರಿಗೆ ಇನ್ನೊಂದು ಪಂಪು!"

ತೆರ್ಯೋ ಸೂರ್ಯನನ್ನೊಮ್ಮೆ ನೋಡಿದ. ಆಮೇಲೆ ಲೋಟ ಕೆಳಗಿಟ್ಟು, ಉದ್ದ ತೊಟ್ಟಿನ ನಾಲ್ಕು ಹೂ ಕಿತ್ತು, ತಗಡಿನ ಚೊಂಬಿಗೆ ಹಾಕಿ ಬಾಳೆಲೆ ಮುಚ್ಚಿದ. ಸಿಯಾನಾ ಕೈ ಚಾಚಿದರೆ ಕೊಡಲಿಲ್ಲ.

"ನಡಿ, ನಾನೂ ಬರ್ತೀನಿ. ಹೆಣ್ಣಿನ ಮನೆ ನೋಡದೆ ಗಂಡನ್ನ ಕಳಿಸೋಕಾಗುತ್ತಾ?"

ಇಬ್ಬರೂ ತಗಡಿನ ಮೇಲೇರಿದಾಗ ಅದು ಆಗಲೇ ಅಂಗಾಲು ಸುಡುತ್ತಿತ್ತು. ಹೆಣ್ಣು ಹೂವಿನ ಅಂಚು ಸುರುಟಲು ತೊಡಗಿತ್ತು. ಕೆಳಗೆ ಎರಡೂ ಸಾಲಿನವರು ಕತ್ತೆತ್ತಿ ನಿಂತಿದ್ದರು. ತೆರ್ಯೋ ಗಂಡು ಹೂವಿನ ಎಸಳು ಹರಿದು ನಡುವಿನ ಹಳದಿ ಕಡ್ಡಿಯನ್ನು ಅವಳ ಕೈಗಿಟ್ಟ. ಸಿಯಾನಾ ಉಸಿರು ಹಿಡಿದು ಸವರಿದಳು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಹೂವಿನ ಬಾಯಿಯನ್ನು ದಾರದಿಂದ ಮೆಲ್ಲಗೆ ಕಟ್ಟಿದಳು.

"ಆಯ್ತಾ?" ಕೆಳಗಿನಿಂದ ಇದಾಂಗ್ ಕೂಗಿದಳು.

"ಆಯ್ತು! ಇನ್ಮೇಲೆ ನಾವು ಬೀಗರು," ಎಂದ ತೆರ್ಯೋ. "ಏನು ಬೀಗಿತ್ತಿ, ಮದುವೆ ಊಟ ಏನು?"

"ಹೂ ಸಾರು!" ಎಂದು ಯಾರೋ ಅಂದರು. ಇಡೀ ಗುಂಪು ಬಿದ್ದು ಬಿದ್ದು ನಕ್ಕಿತು.

ಮೂರು ದಿನ ಸಿಯಾನಾಳಿಗೆ ಊಟ ಸೇರಲಿಲ್ಲ. ನಾಲ್ಕನೆಯ ದಿನ ಹೀಚು ನಿಂಬೆಯಷ್ಟಾಯಿತು. ಹತ್ತನೆಯ ದಿನ ಮುಷ್ಟಿಯಷ್ಟು. ಅವಳು ಹಳೆಯ ಅಂಗಿ ಹರಿದು ಅದಕ್ಕೊಂದು ಜೋಲಿ ಕಟ್ಟಿದಳು. ದಿನಾ ಬೆಳಿಗ್ಗೆ ತೆರ್ಯೋ ಮೋರಿ ದಾಟಿ ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಾಯಿಯನ್ನು ನೋಡುತ್ತ ನಿಲ್ಲುತ್ತಿದ್ದ. "ಬಣ್ಣ ನನ್ನ ಕಡೇದು," ಎನ್ನುತ್ತಿದ್ದ. "ಹಟ ಮಾತ್ರ ನಿನ್ನ ಕಡೇದು."

ಮೇ ತಿಂಗಳಲ್ಲಿ ಟ್ಯಾಂಕರ್ ಒಂಬತ್ತು ದಿನ ಬರಲಿಲ್ಲ. ಯಾಕೆಂದು ಹೇಳುವವರೂ ಇರಲಿಲ್ಲ. ಜನ ಬಟ್ಟೆ ಒಗೆಯುವುದನ್ನು ಬಿಟ್ಟರು, ಸ್ನಾನ ಬಿಟ್ಟರು. ಮುಖ ತೊಳೆದ ನೀರನ್ನು ಮಾತ್ರ ಡಬ್ಬಿಗಳಲ್ಲಿ ಹಿಡಿದು ತಂದು ಕುಂಬಳದ ಬುಡಕ್ಕೆ ಹನಿಸಿದರು. ಎಂಟನೇ ಸಾಲಿನ ಹೆಂಗಸರೂ ತಂದರು. "ನಮ್ಮ ಸೊಸೆಗೆ ಬಾಯಾರಿದೆಯಂತೆ," ಎನ್ನುತ್ತ ಬರುತ್ತಿದ್ದರು. ಕುಂಬಳ ಉಳಿಯಿತು. ಸಿಯಾನಾಳ ಅಲಸಂದೆ ಉಳಿಯಲಿಲ್ಲ. ಮೇ ಕೊನೆಯ ವಾರ, ತೀರ್ಪುಗಾರರು ಬರಲು ಎರಡು ದಿನವಿದ್ದಾಗ, ಚಪ್ಪರದ ಕೊನೆಯ ಅಲಸಂದೆ ಬಳ್ಳಿ ಮುಟ್ಟಿದರೆ ಪುಡಿಯಾಗುವಷ್ಟು ಒಣಗಿ ನಿಂತಿತ್ತು.

"ಸಂತೆಯಿಂದ ಕಾಯಿ ತಂದು ದಾರದಲ್ಲಿ ಕಟ್ಟಿಬಿಡು," ಪಕ್ಕದ ಮನೆಯ ಡಿವಿನಾ ಪಿಸುಗುಟ್ಟಿದಳು. "ದೂರದಿಂದ ಯಾರಿಗೆ ಗೊತ್ತಾಗುತ್ತೆ? ನಲವತ್ತು ಮನೆಯ ನೀರು ಕಣೇ ಇದು!"

ಸಿಯಾನಾ ದಾರದುಂಡೆ ಕೈಗೆತ್ತಿಕೊಂಡದ್ದೂ ಹೌದು. ಆಮೇಲೆ ಅದನ್ನು ಹಿಡಿದುಕೊಂಡೇ ಮೋರಿ ದಾಟಿದಳು. ತೆರ್ಯೋನ ಮನೆಯ ಗೋಡೆಯ ನೆರಳಲ್ಲಿ ಅಲಸಂದೆ ಇನ್ನೂ ಹಸಿರಾಗಿ, ಮೊಳದುದ್ದ ಜೋತಾಡುತ್ತಿತ್ತು.

"ಬೀಗರೇ, ಈ ಅಲಸಂದೆ ನನ್ನ ತೋಟದ್ದು ಅಂತ ಹೇಳ್ಲಾ?"

"ನಿನ್ನ ಕುಂಬಳ ನನ್ನ ತೋಟದ್ದು ಅಂತ ನಾನು ಹೇಳ್ಲಾ?"

ಮೊದಲು ನಕ್ಕವನು ತೆರ್ಯೋ. ಅವಳ ಕೈಯಿಂದ ದಾರದುಂಡೆ ತೆಗೆದುಕೊಂಡು, ಅದರ ತುದಿಯನ್ನು ತನ್ನ ಚಪ್ಪರದ ಗಳಕ್ಕೆ ಕಟ್ಟಿದ. "ನಡಿ ಮತ್ತೆ," ಎಂದ. "ಇಬ್ಬರ ಹೆಸರನ್ನೂ ಪಟ್ಟಿಯಿಂದ ಹೊಡೆದುಹಾಕ್ತಾರೆ ಅಷ್ಟೇ ತಾನೆ?"

ತೀರ್ಪಿನ ದಿನ ಪುರಸಭೆಯ ಮೇಡಂ ವಿಲಾರೊಸಾ ಕೊಡೆ ಹಿಡಿದು, ಹಿಂದೊಬ್ಬ ಫೋಟೋದವನನ್ನು ಕಟ್ಟಿಕೊಂಡು ಬಂದರು. ಸಿಯಾನಾಳ ಚಪ್ಪರದಿಂದ ಹೊರಟ ನೂಲಿನ ದಾರ ಮೋರಿಯ ಮೇಲಿಂದ ಹಾದು ತೆರ್ಯೋನ ಚಪ್ಪರ ಸೇರಿತ್ತು. ಅದರ ಎರಡೂ ಕಡೆ ಎರಡು ಸಾಲಿನ ಜನ. ಮೇಡಂ ಬದನೆ ನೋಡಿದರು, ಬೆಂಡೆ ನೋಡಿದರು, ಹಾಗಲ ಮುಟ್ಟಿದರು. ಸೂರಿನ ಕೆಳಗೆ, ಅಂಗಿಯ ಜೋಲಿಯಲ್ಲಿ ಮಗುವಿನ ಹಾಗೆ ಮಲಗಿದ್ದ ಕಾಯಿ ಕಂಡದ್ದೇ ಅವರ ಮುಖ ಅರಳಿತು.

"ಅಬ್ಬಾ! ಅದು ನೋಡಿ!" ಎನ್ನುತ್ತ ಕೈಯೆತ್ತಿ ನೇರವಾಗಿ ಬೆರಳು ತೋರಿಸಿಬಿಟ್ಟರು.

ಎಂಬತ್ತು ಮನೆಯ ಜನ ಒಟ್ಟಿಗೆ ಕಿರುಚಿದರು.

"ಕಚ್ಕೊಳ್ಳಿ ಮೇಡಂ! ಬೆರಳು ಕಚ್ಕೊಳ್ಳಿ!" ಇದಾಂಗ್ ಕೋಲೂರುತ್ತ ನುಗ್ಗಿ ಬಂದು ಅವರ ಕೈಯನ್ನು ಹಿಡಿದು ಬಾಯಿಗೇ ತಂದಳು. ಮೇಡಂ ತಬ್ಬಿಬ್ಬಾಗಿ ಕಚ್ಚಿಕೊಂಡರು. ಅವರಿಗೂ ಒಬ್ಬ ಅಜ್ಜಿ ಇದ್ದಿರಬೇಕು. ಎರಡನೆಯ ಸಲ ಯಾರೂ ಹೇಳದೆಯೇ ಕಚ್ಚಿಕೊಂಡರು.

"ಇರಲಿ," ಬೆರಳು ಒರೆಸಿಕೊಂಡು ಪಟ್ಟಿ ತೆರೆದರು. "ಅಲಸಂದೆ ಎಲ್ಲಿ?"

"ಅಲ್ಲಿ," ಸಿಯಾನಾ ದಾರದುದ್ದಕ್ಕೂ ತುಟಿ ಚಾಚಿದಳು. "ಇದು ಒಂದೇ ತೋಟ ಮೇಡಂ. ನಡುವೆ ಒಂದು ಮೋರಿ ಇದೆ, ಅಷ್ಟೇ."

"ಅದು ಹೇಗಾಗುತ್ತಮ್ಮಾ? ಒಂದು ತೋಟ, ಒಂದು ಸಾಲು, ಒಂದು ಪಂಪು. ನಿಯಮ ಇದೆ. ಈ ಕುಂಬಳ ಯಾರದು ಹೇಳಿ."

"ಹೆಣ್ಣು ನನ್ನದು, ಗಂಡು ಅವರದು, ನೀರು ಎಲ್ಲರ ಮುಖದ್ದು." ಸಿಯಾನಾ ಒಂದು ಹೆಜ್ಜೆ ಮುಂದೆ ಬಂದಳು. ಮಾತು ನಿಲ್ಲಲಿಲ್ಲ. "ನಿಯಮದ ಮಾತು ಬಂತಲ್ಲ, ಕೇಳಿ ಮೇಡಂ. ಲಾರಿ ಹತ್ತಿಸಿದ ದಿನ ಕೊಟ್ಟ ಕಾಗದ ಇನ್ನೂ ನನ್ನ ಹಾಸಿಗೆ ಕೆಳಗಿದೆ. ಅದರಲ್ಲಿ ಕುಂಬಳಕಾಯಿ ತೋರಿಸಿದ್ರೆ ನೀರು ಕೊಡ್ತೀವಿ ಅಂತ ಇಲ್ಲ. ನೀರಿದ್ರೆ ತಾನೆ ಕಾಯಿ? ಕಾಯಿ ಬಿಟ್ರೆ ನೀರು ಅಂತೀರಲ್ಲ, ನಾವೇನು ಉಗುಳು ಹಾಕಿ ಬೆಳೀಬೇಕಾ? ಉಗುಳಿಗೂ ನೀರು ಕುಡೀಬೇಕು!"

ಯಾರೋ ಶಿಳ್ಳೆ ಹಾಕಿದರು. ಫೋಟೋದವನು ಕ್ಯಾಮರಾ ಎತ್ತಿದ, ಮೇಡಂ ಮುಖ ನೋಡಿ ಇಳಿಸಿದ.

"ಹಾಗಾದ್ರೆ ಪಂಪು ಎಲ್ಲಿ ಹಾಕ್ಬೇಕು? ಎಂಟರಲ್ಲಾ, ಒಂಬತ್ತರಲ್ಲಾ? ಅದನ್ನಾದ್ರೂ ಹೇಳಿ," ಮೇಡಂ ರೇಗಿ ಕೇಳಿದರು. ಬೆರಳೆತ್ತಲು ಹೋಗಿ, ಅರ್ಧಕ್ಕೆ ನಿಲ್ಲಿಸಿ, ಮುಷ್ಟಿ ಮಾಡಿಕೊಂಡರು.

ಯಾರೂ ಕೈ ಎತ್ತಲಿಲ್ಲ. ಎರಡೂ ಸಾಲಿನ ತುಟಿಗಳೆಲ್ಲ ಚೂಪಾಗಿ ಒಂದೇ ಕಡೆ ತಿರುಗಿದವು. ಅಲ್ಲಿ, ಮೋರಿಯ ಏರಿಯ ಮೇಲೆ, ದಾರ ಹಾದುಹೋದ ಜಾಗದ ಕೆಳಗೆ, ಇದಾಂಗ್ ಬೆಳಿಗ್ಗೆಯೇ ತಂದಿಟ್ಟಿದ್ದ ಮನೆಯ ಸೊಟ್ಟ ಬಕೆಟ್ಟು ಸರದಿಯಲ್ಲಿ ಮೊದಲನೆಯದಾಗಿ ಕೂತಿತ್ತು. ಎಂಟನೇ ಸಾಲಿನ ಹೆಂಗಸೊಬ್ಬಳು ಒಳಗೆ ಹೋಗಿ ತನ್ನದನ್ನು ತಂದು ಅದರ ಹಿಂದೆ ಇಟ್ಟಳು. ಆಮೇಲೆ ಡಿವಿನಾ ಇಟ್ಟಳು. ಖಾಲಿ ಬಕೆಟ್ಟುಗಳ ಹಿಡಿಗಳು ಒಂದೊಂದಾಗಿ ಟಣ್ಣೆನ್ನುತ್ತ ಬಿಸಿಲಿನಲ್ಲಿ ಮಲಗಿದವು.