ಕಿರೀಟವಿಲ್ಲದ ಹೆಸರು

"ಅರಸ ಅಂತ ತಿಳಿದೇ ನಾನು ಆ ಹೆಸರಿಗೆ ಒಪ್ಪಿದ್ದು. ಈಗ ನೋಡಿದರೆ ಅರಸನೇ ಅಲ್ಲವಂತೆ!" ಎನ್ನುತ್ತ ಬೀಗರು ದಿನೀಸ್ ಸೋಫಾದ ತುದಿಗೆ ಸರಿದು ಕೂತರು. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ಮಗಳು ಅಕ್ಷಯಾ ಅದನ್ನು ಕನ್ನಡಕ್ಕೆ ತಿರುಗಿಸುವ ಮೊದಲೇ ಸಣ್ಣತಾಯಮ್ಮನಿಗೆ ಅವರ ಮುಖ ನೋಡಿ ಅರ್ಧ ತಿಳಿದುಹೋಗಿತ್ತು. ಹೆಸರು ಕೈ ತಪ್ಪಿತು ಎಂದುಕೊಂಡಳು.

ತಪ್ಪು ಅವಳದೇ. ಮಗಳ ಬಾಣಂತನಕ್ಕೆಂದು ಮಂಡ್ಯದಿಂದ ಪರದೇಶದ ಬೆರ್ರಿಯೆಸಾದ ಈ ಅಪಾರ್ಟ್‌ಮೆಂಟಿಗೆ ಬಂದವಳು. ಹೋದ ವಾರ ಮೊಮ್ಮಗನನ್ನು ನೋಡಲು ಮಾರ್ಗನ್ ಹಿಲ್‌ನಿಂದ ಬಂದ ಬೀಗರು, ನಿಮ್ಮ ಯಜಮಾನರ ಹೆಸರೇನು ಎಂದು ಕೈಸನ್ನೆ ಬೆರೆಸಿ ಕೇಳಿದ್ದರು. ಅಕ್ಷಯಾ ಸ್ನಾನಕ್ಕೆ ಹೋಗಿದ್ದಳು. ಸಣ್ಣತಾಯಮ್ಮ ಗಂಡನ ಹೆಸರನ್ನು ಬಾಯಲ್ಲಿ ಆಡಿದವಳೇ ಅಲ್ಲ. ಮದುವೆಯ ದಿನ ಹೊಸಿಲಲ್ಲಿ ಅಡ್ಡ ನಿಂತು ಹೆಸರು ಹೇಳು ಎಂದು ಪೀಡಿಸಿದ ನಾದಿನಿಗೂ ಗೋಡೆಯ ಮೇಲಿದ್ದ ಮೇಲುಕೋಟೆ ಚೆಲುವರಾಯನ ಪಟ ತೋರಿಸಿ ಗೆದ್ದು ಒಳಗೆ ಬಂದವಳು. ಇಲ್ಲಿಯೂ ಹಾಗೇ ಅಡುಗೆಮನೆಯ ಗೂಡಿನಲ್ಲಿದ್ದ ಅದೇ ದೇವರ ಪಟದ ಕಡೆ ಬೆರಳು ತೋರಿದಳು. ಬೀಗರು ವಜ್ರದ ಕಿರೀಟವನ್ನು ನೋಡಿದರು, ಕತ್ತಿನ ಹಾರ ನೋಡಿದರು, ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸಿದರು. "ಕಿಂಗ್?" ಎಂದರು. ದೇವರೂ ಅರಸನೇ ಅಲ್ಲವೇ ಎಂದು ಸಣ್ಣತಾಯಮ್ಮ ಹೂಂ ಎಂದು ತಲೆಯಾಡಿಸಿದ್ದಳು. ಅರಸನ ಹೆಸರೆಂದು ನಂಬಿ ಅದನ್ನೂ ಮಗುವಿಗಿಡಲು ಒಪ್ಪಿಹೋಗಿದ್ದ ಬೀಗರಿಗೆ ಪಟದಲ್ಲಿರುವುದು ದೇವರೆಂದು ತಿಳಿದದ್ದು ಇವತ್ತು.

ಅವರ ಮನೆತನದಲ್ಲಿ ಅರಸನೆಂದರೆ ಹುಡುಗಾಟವಲ್ಲ. ಪೋರ್ಚುಗಲ್ಲಿನ ಒಂದು ದ್ವೀಪದಿಂದ ಹಸು ಮೇಯಿಸಲು ಇಲ್ಲಿಗೆ ಬಂದ ಜನ. ಹೊಟ್ಟೆಗೆ ಇದ್ದರೂ ಇಲ್ಲದಿದ್ದರೂ ಚೊಚ್ಚಲ ಗಂಡುಮಗುವಿಗೆ ಮಾತ್ರ ತಮ್ಮ ದೇಶದ ರಾಜನೊಬ್ಬನ ಹೆಸರು. ದಿನೀಸ್ ಒಬ್ಬ ರಾಜನ ಹೆಸರು, ಅಳಿಯ ದುವಾರ್ತೆಯದು ಇನ್ನೊಬ್ಬ ರಾಜನದು. ಬೀಗರ ತಂದೆ ಅಫೊನ್ಸು, ಮೊಟ್ಟಮೊದಲ ರಾಜನ ಹೆಸರಿನವರು. ಈಗ ಮೊಮ್ಮಗನಲ್ಲಿ ಆ ಹೆಸರು ತಿರುಗಿ ಬರಬೇಕೆಂದು ಬೀಗರ ಆಸೆ.

ಸಣ್ಣತಾಯಮ್ಮನ ಆಸೆಯೂ ಅದೇ ಜಾತಿಯದು. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ ಗಂಡ ತೀರಿಕೊಂಡು ಎರಡು ವರ್ಷ. ಇರುವವಳು ಒಬ್ಬಳೇ ಮಗಳು. ಈ ಮಗುವಿಗೆ ಇಡದಿದ್ದರೆ ಆ ಹೆಸರು ಮಣ್ಣಿಗೆ ಹೋದ ಹಾಗೆಯೇ. ಇದನ್ನು ಮಾತ್ರ ಬಿಟ್ಟುಕೊಡುವುದಿಲ್ಲ ಎಂದು ವಿಮಾನ ಹತ್ತುವಾಗಲೇ ಸೆರಗಿಗೆ ಗಂಟು ಹಾಕಿಕೊಂಡು ಬಂದಿದ್ದಳು.

"ಎರಡೂ ಇಡೋಣ, ಡ್ಯಾಡ್," ಎಂದ ದುವಾರ್ತೆ, ಹಾಲಿನ ಬಾಟಲಿ ತೊಳೆಯುತ್ತಲೇ.

"ಉದ್ದದ ಚಿಂತೆ ನನಗಿಲ್ಲ. ನಮ್ಮ ರಾಜಕುಮಾರರಿಗೆ ರೈಲಿನಷ್ಟು ಉದ್ದ ಹೆಸರಿರುತ್ತಿತ್ತು. ಆದರೆ ಒಂದೊಂದು ಬೋಗಿಯೂ ಅರಮನೆಯದೇ ಆಗಿರಬೇಕು," ಎಂದರು ದಿನೀಸ್.

ಅಕ್ಷಯಾ ಹೇಳಿದ್ದನ್ನು ಕೇಳಿ ಸಣ್ಣತಾಯಮ್ಮನಿಗೆ ರೇಗಿತು. "ಕೇಳವ್ವ ನಿಮ್ಮಾವನ್ನ. ಅವ್ರಪ್ಪ ಯಾವೂರು ಆಳ್ತಿದ್ರು? ಹಾಲು ತಾನೆ ಕರೀತಿದ್ದುದ್ದು?"

"ಅವ್ವ, ಪ್ಲೀಸ್. ಇದನ್ನೆಲ್ಲ ನಾನು ಟ್ರಾನ್ಸ್‌ಲೇಟ್ ಮಾಡಲ್ಲ."

"ಮಾಡು ಅಂದ್ರೆ ಮಾಡು."

ಮಾಡಿದಳು. ದಿನೀಸ್ ಹೊಟ್ಟೆ ಕುಣಿಸಿ ನಕ್ಕರು, ಪಟ್ಟು ಮಾತ್ರ ಬಿಡಲಿಲ್ಲ. "ಆಗಲಿ, ಅರಸನ ಮಾತು ಬಿಡೋಣ. ನಮ್ಮಲ್ಲಿ ಹೆಸರು ಕೊಡುವವರು ಎಲ್ಲರೆದುರು ನಿಂತು ಗಟ್ಟಿಯಾಗಿ ಹೇಳಬೇಕು. ನನ್ನ ಹೆಸರನ್ನು ನನ್ನ ಅಜ್ಜಿ ಹಾಗೇ ಹೇಳಿದ್ದು. ಇವರು ಪಟ ತೋರಿಸುತ್ತಾರೆ. ಕೊಡುವವರೇ ಬಾಯಿಬಿಟ್ಟು ಹೇಳದ ಹೆಸರನ್ನು ಮಗು ಹೇಗೆ ಹೊತ್ತುಕೊಂಡು ತಿರುಗೀತು?"

ಮಾತು ನ್ಯಾಯವಾಗಿತ್ತು. ಅದಕ್ಕೇ ಹೆಚ್ಚು ಚುಚ್ಚಿತು.

"ಬಿಡವ್ವ, ಭಾನುವಾರ ಹೆಸರಿಡೋವಾಗ ನಾನೇ ಹೇಳ್ತೀನಿ," ಎಂದಳು ಅಕ್ಷಯಾ.

"ಬ್ಯಾಡ. ಕೇಳ್ದೋಳು ನಾನು. ನಾನೇ ಹೇಳ್ಬೇಕು."

ಹೇಳಿದಷ್ಟು ಸಲೀಸಿರಲಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸಕ್ಕೆ ನಿಂತರೆ ತುಟಿ ಆಡಿತು, ದನಿ ಹೊರಡಲಿಲ್ಲ. ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದಳು. ಅಷ್ಟು ಜೋಪಾನ ಮಾಡಿಯೂ ಅವರು ಉಳಿಯಲಿಲ್ಲವಲ್ಲ ಎಂದು ಸಣ್ಣತಾಯಮ್ಮನಿಗೆ ಮೊದಲ ಸಲ ಅತ್ತೆಯ ಮೇಲೆ ಕೋಪ ಬಂತು. ನಲ್ಲಿ ತಿರುಗಿಸಿ ಹೊರಗೆ ಬಂದಳು.

ಭಾನುವಾರ ಮಗುವಿನ ಮಂಚದ ನಾಲ್ಕು ಕಡೆಗೂ ಅವಳ ಹಳೆಯ ರೇಷ್ಮೆ ಸೀರೆ ಸುತ್ತಿ ತೊಟ್ಟಿಲು ಮಾಡಿದರು. ಬೀಗರ ಕಡೆಯವರು ಸಿಹಿ ಬ್ರೆಡ್ಡು ತಂದಿದ್ದರು. ದಿನೀಸ್ ಟೋಪಿ ತೆಗೆದು, ಬಗ್ಗಿ, ಮಗು ಬೆಚ್ಚುವಂತೆ "ಅಫೊನ್ಸು!" ಎಂದರು. ಆಮೇಲೆ ಪಕ್ಕಕ್ಕೆ ಸರಿದು ನಿಂತರು.

ಸಣ್ಣತಾಯಮ್ಮ ಸೆರಗನ್ನು ತಲೆಯ ಮೇಲೆ ಹೊದ್ದಳು. ಅಕ್ಷಯಾ ಮುಂದೆ ಬಂದಳು. ತಾಯಿ ಕಣ್ಣಲ್ಲೇ ಅವಳನ್ನು ತಡೆದಳು.

"ಚೆಲುವರಾಜು."

ಅವಳು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. ಹಿತ್ತಲಲ್ಲಿರುವ ಗಂಡನನ್ನು ಊಟಕ್ಕೆ ಕರೆದ ಹಾಗಿತ್ತು. ಇನ್ನೊಮ್ಮೆ ಕರೆದಳು. ಮತ್ತೊಮ್ಮೆ ಕರೆದಳು. ಬದುಕಿದ್ದಾಗ ಒಂದು ಸಲ ಹೀಗೆ ಕರೆದಿದ್ದರೆ ಎಷ್ಟು ಚೆನ್ನಾಗಿ ಓಗೊಡುತ್ತಿದ್ದರೋ ಎನ್ನಿಸಿ ತೊಟ್ಟಿಲ ಅಂಚು ಹಿಡಿದು ಅತ್ತುಬಿಟ್ಟಳು.

ದಿನೀಸ್‌ಗೆ ಯಾರೂ ಭಾಷಾಂತರ ಮಾಡಲಿಲ್ಲ. ಅವರು ಟೋಪಿಯನ್ನು ಎದೆಗೆ ಒತ್ತಿಕೊಂಡು ಮಗುವಿನ ಕಡೆ ಬಗ್ಗಿದರು. "ಅಫೊನ್ಸು ಷೆಲುವರಾಜು," ಎಂದರು, ಪೂರ್ತಿಯಾಗಿ.

ಮಾರನೆಯ ಬೆಳಿಗ್ಗೆ ಸಣ್ಣತಾಯಮ್ಮ ಕಾಲು ನೀಡಿ ಕೂತು ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಕರೆಯೋಣವೆಂದು ಬಾಯಿ ತೆರೆದಳು, ಮುಚ್ಚಿದಳು. ಹಟ ಹಿಡಿದು ಗೆದ್ದ ಹೆಸರು, ಆದರೆ ಗಂಡನ ಹೆಸರಲ್ಲವೇ. ಕೂತಲ್ಲಿ ನಿಂತಲ್ಲಿ ಆಡುವುದು ಹೇಗೆ?

"ಕಣ್ಮುಚ್ಕೊ ನನ್ನಪ್ಪ. ಅಪೋನ್ಸಪ್ಪ ಅಲ್ವಾ ನೀನು? ಜಾಣ ಅಲ್ವಾ?"

ಅಕ್ಷಯಾ ನಗುತ್ತ ಫೋನು ಹಿಡಿದುಕೊಂಡು ಬಂದಳು. ಪರದೆಯ ತುಂಬ ದಿನೀಸರ ಮುಖ, ಹಿಂದೆ ಅವರ ಅಂಗಳ. ಮೊಮ್ಮಗ ಕಂಡೊಡನೆ ಕೈಬೀಸಿ ಜೋರಾಗಿ ಕೂಗಿದರು: "ಷೆಲುವರಾಜು! ಷೆಲುವರಾಜು!"

ಸಣ್ಣತಾಯಮ್ಮ ತಟ್ಟನೆ ಎಣ್ಣೆಗೈಯಲ್ಲೇ ಸೆರಗು ಹೊದ್ದು, ನೆಟ್ಟಗೆ ಕೂತು, ಬಾಗಿಲ ಕಡೆ ನೋಡಿದಳು.